ಅಜ್ಜಿಯ ದೀಪ, ತೂಬಿನ ಬಾಗಿಲು

ನಮ್ಮ ಸಂಘದ ಮಕ್ಕಳೇ, ಟ್ರಾನ್ಸಿಸ್ಟರ್ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೋ ತಿಳಿಯದು. ನನ್ನ ಓರಗೆಯವರಿಗೆ ಮಾತ್ರ ಅದು ಚರ್ಮದ ಚೀಲ ತೊಟ್ಟ ರೇಡಿಯೋ. ಹೊಲಕ್ಕೆ ಹೋಗುವವರ ಹೆಗಲಿನಲ್ಲಿ, ಕ್ಷೌರದಂಗಡಿಯ ಗೂಡಿನಲ್ಲಿ, ಕ್ರಿಕೆಟ್ ಪಂದ್ಯದ ದಿನ ಕಾಲೇಜಿನ ಕಟ್ಟೆಯ ಮೇಲೆ ಇರುತ್ತಿದ್ದ, ಧಾರವಾಡ ಆಕಾಶವಾಣಿಯನ್ನು ಮನೆಮನೆಗೆ ತರುತ್ತಿದ್ದ ಡಬ್ಬಿ. ಒಳಗಿದ್ದ ಮೂರು ಕಾಲಿನ ಪುಟ್ಟ ವಸ್ತುವಿನ ಹೆಸರನ್ನೇ ನಾವು ಇಡೀ ಡಬ್ಬಿಗೆ ಇಟ್ಟುಬಿಟ್ಟಿದ್ದೆವು. ಬಿ.ಎ. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದುವಾಗ, ಭಾಗದ ಹೆಸರಿನಿಂದ ಇಡಿಯನ್ನು ಕರೆಯುವುದಕ್ಕೆ ಸಿನೆಕ್‌ಡಕಿ ಎಂಬ ಅಲಂಕಾರವಿದೆ ಎಂದು ಮೇಷ್ಟ್ರು ಹೇಳಿದಾಗ ನನಗೆ ಮೊದಲು ಹೊಳೆದ ಉದಾಹರಣೆ ಇದೇ.

ಆ ಮೂರು ಕಾಲಿನ ವಸ್ತುವನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದು ಮಾತ್ರ ಐವತ್ತು ದಾಟಿದ ಮೇಲೆ. ನೋಡಿದ್ದಷ್ಟೇ ಅಲ್ಲ, ಅದರ ಸ್ವಭಾವವನ್ನೂ ಒಂದಿಷ್ಟು ತಿಳಿದುಕೊಂಡೆ. ಅಡಿಗೆಮನೆಯ ಹೆಂಗಸಿಗೆ ಇದೆಲ್ಲ ಏಕೆ ಬೇಕಿತ್ತು ಎನ್ನುವಿರಾ? ಬೇಕಾಯಿತು. ಅದನ್ನೇ ಹೇಳುತ್ತೇನೆ.

ನಮ್ಮ ಅತ್ತೆಯವರಿಗೆ ಎಂಬತ್ತೆರಡು ವರ್ಷ. ಹಾನಗಲ್ ತಾಲೂಕಿನ ಕೆರೆ ದಂಡೆಯ ಹಳ್ಳಿಯವರು. ಮಾವನವರು ಹೋದ ಮೇಲೆ ಪುಣೆಗೆ ಬಂದು ನಮ್ಮ ಜೊತೆಗಿದ್ದಾರೆ. 2023ರ ಮಳೆಗಾಲದ ಒಂದು ರಾತ್ರಿ, ಬಚ್ಚಲುಮನೆಗೆಂದು ಎದ್ದವರು ಕತ್ತಲಲ್ಲಿ ಬಿದ್ದು ಮುಂಗೈ ಮುರಿದುಕೊಂಡರು. ದೀಪದ ಬಟನ್ ಬಾಗಿಲ ಬಳಿ, ಮಂಚ ಕಿಟಕಿಯ ಬಳಿ. ದೀಪ ಹಚ್ಚಲಿಕ್ಕೇ ನಾಲ್ಕು ಹೆಜ್ಜೆ ಕತ್ತಲಲ್ಲಿ ನಡೆಯಬೇಕು. ರಾತ್ರಿಯೆಲ್ಲ ದೀಪ ಉರಿಯಲಿ ಎಂದರೆ ಅವರಿಗೆ ನಿದ್ದೆ ಬಾರದು. ಕೈ ಕೂಡಿಕೊಂಡಿತು, ಆದರೆ ಮನಸ್ಸಿನ ಅಂಜಿಕೆ ಹೋಗಲಿಲ್ಲ. ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡತೊಡಗಿದರು. ವೈದ್ಯರು ಅದಕ್ಕೂ ಬೈದರು.

ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳು ಆಗ ಒಂದು ಉಪಾಯ ಹೂಡಿದಳು. ಮಂಚದಿಂದ ಬಚ್ಚಲುಮನೆಯವರೆಗೆ ಗೋಡೆಯ ಬುಡಕ್ಕೆ ಐದು ಮೀಟರ್ ಎಲ್‌ಇಡಿ ಪಟ್ಟಿ ಅಂಟಿಸುವುದು. ಅಜ್ಜಿ ಕಾಲು ಕೆಳಗಿಟ್ಟ ಕೂಡಲೇ ಮನುಷ್ಯರ ಚಲನೆಯನ್ನು ಗುರುತಿಸುವ ಸೆನ್ಸರ್ ಅದನ್ನು ಕಂಡು ಹೇಳುವುದು. ದೀಪ ಕಣ್ಣಿಗೆ ಹೊಡೆಯದ ಹಾಗೆ ಮೆಲ್ಲಗೆ ಹತ್ತಿ, ಎರಡು ನಿಮಿಷದ ಮೇಲೆ ಮೆಲ್ಲಗೆ ಆರುವುದು. ಇದನ್ನೆಲ್ಲ ನಡೆಸಲು ಇಎಸ್‌ಪಿ-32 ಎಂಬ ಮೈಕ್ರೋಕಂಟ್ರೋಲರ್. ಹೆಬ್ಬೆಟ್ಟಿಗಿಂತ ಸ್ವಲ್ಪ ಉದ್ದದ ಹಲಗೆಯ ಮೇಲೆ ಕೂತ ಪುಟ್ಟ ಕಂಪ್ಯೂಟರ್ ಅದು. ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಿ ಒಂದು ಕೈಚೀಲ ಸಾಮಾನು ತಂದಳು. ನಾನು ತರಕಾರಿ ತರಲು ಒಯ್ಯುವ ಚೀಲವೇ ಅದು.

ತೊಡಕು ಇದ್ದದ್ದು ಇಲ್ಲಿ. ಈ ಪುಟ್ಟ ಕಂಪ್ಯೂಟರಿನ ಕಾಲುಗಳಿಂದ ಹೊರಬೀಳುವುದು 3.3 ವೋಲ್ಟ್. ಅದೂ ಕೆಲವು ಹತ್ತು ಮಿಲಿಆಂಪಿಯರಿನಷ್ಟು ಮಾತ್ರ. ಎಲ್‌ಇಡಿ ಪಟ್ಟಿ ಕೇಳುವುದೋ 12 ವೋಲ್ಟ್. ಮೀಟರಿಗೆ 4.8 ವ್ಯಾಟಿನಂತೆ ಐದು ಮೀಟರಿಗೆ 24 ವ್ಯಾಟ್, ಅಂದರೆ 2 ಆಂಪಿಯರ್. ಕಂಪ್ಯೂಟರ್ ಕೊಡಬಲ್ಲದ್ದಕ್ಕಿಂತ ಐವತ್ತು ನೂರು ಪಟ್ಟು ಹೆಚ್ಚು. ನೇರವಾಗಿ ಜೋಡಿಸಿದರೆ ದೀಪ ಹತ್ತದು, 12 ವೋಲ್ಟ್ ಎಲ್ಲಾದರೂ ಹಿಮ್ಮುಖವಾಗಿ ಒಳನುಗ್ಗಿದರೆ ಕಂಪ್ಯೂಟರೂ ಉಳಿಯದು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ಆದರೆ ಇಲ್ಲಿ ಆನೆಗೆ ಹೇಳಿ ಕೆಲಸ ಮಾಡಿಸಬೇಕಾದದ್ದು ಇರುವೆಯೇ. ಅದಕ್ಕೊಬ್ಬ ನಡುವಿನವನು ಬೇಕು, ಅವನೇ ಟ್ರಾನ್ಸಿಸ್ಟರ್.

ಮಗಳು ಆರಿಸಿ ತಂದದ್ದು ಮಾಸ್‌ಫೆಟ್ ಎಂಬ ಜಾತಿಯ ಟ್ರಾನ್ಸಿಸ್ಟರ್, ಐಆರ್‌ಎಫ್‌ಝೆಡ್ 44 ಎನ್ ಎಂದು ಅದರ ನಂಬರು. ಅದರ ಮೂರು ಕಾಲುಗಳಿಗೆ ಗೇಟ್, ಸೋರ್ಸ್, ಡ್ರೇನ್ ಎಂದು ಹೆಸರು. ಈ ಶಬ್ದಗಳನ್ನು ಕೇಳಿ ನನಗೆ ನಗು ಬಂತು. ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ, ಇಂಗ್ಲಿಷಿನವರ ಮನೆಮಾತು. ಬಾಗಿಲು, ಸೆಲೆ, ಬಚ್ಚಲು. ಅವರು ತಮ್ಮ ಹಿತ್ತಲಿನ ಶಬ್ದಗಳನ್ನೇ ಎತ್ತಿ ವಿಜ್ಞಾನಕ್ಕೆ ಕೊಟ್ಟಿದ್ದಾರೆ, ನಾವು ಅವನ್ನು ಮಂತ್ರವೆಂಬಂತೆ ಉರು ಹೊಡೆಯುತ್ತೇವೆ.

ಮೊದಲ ದಿನ ದೀಪ ಹತ್ತಲೇ ಇಲ್ಲ. ಕಂಪ್ಯೂಟರಿಗೆ ಮೊಬೈಲ್ ಚಾರ್ಜರಿನಿಂದ ವಿದ್ಯುತ್ತು, ಪಟ್ಟಿಗೆ ಬೇರೆ 12 ವೋಲ್ಟಿನ ಅಡಾಪ್ಟರ್. ಎರಡೂ ಸರಿಯಾಗಿಯೇ ಇದ್ದವು. ಆದರೂ ಇದು ಹೇಳಿದ್ದು ಅದಕ್ಕೆ ಕೇಳದು. ತಂತಿಗೆ ಬೆರಳು ತಾಗಿದರೆ ಮಾತ್ರ ದೀಪ ಒಮ್ಮೆ ಮಿನುಗಿ ಸುಮ್ಮನಾಗುವುದು. ಅರ್ಧ ತಾಸು ತಡಕಾಡಿದ ಮೇಲೆ ಮಗಳು ತಲೆ ಚಚ್ಚಿಕೊಂಡು, ಎರಡೂ ಕಡೆಯ ಋಣ ತಂತಿಗಳನ್ನು ಒಂದಕ್ಕೊಂದು ಜೋಡಿಸಿದಳು. "ಅಮ್ಮಾ, ಕಾಮನ್ ಗ್ರೌಂಡ್ ಕೊಟ್ಟಿರಲಿಲ್ಲ" ಎಂದಳು. ಹಾಗೆಂದರೇನು ಎಂದು ಕೇಳಿದೆ. ವೋಲ್ಟ್ ಎನ್ನುವುದು ಎರಡು ಜಾಗಗಳ ನಡುವಿನ ವ್ಯತ್ಯಾಸವಂತೆ. 3.3 ವೋಲ್ಟ್ ಎಂದರೆ ಯಾವ ನೆಲದಿಂದ ಅಳೆದು 3.3? ಎರಡು ಮನೆಗಳ ನೆಲವೇ ಬೇರೆಯಾದರೆ ಈ ಮನೆಯ ಎತ್ತರ ಆ ಮನೆಗೆ ತಿಳಿಯುವ ಬಗೆ ಹೇಗೆ? ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

ನೆಲ ಒಂದಾದ ಮೇಲೆ ದೀಪವೇನೋ ಹತ್ತಿತು, ಆದರೆ ಮಂಕಾಗಿ. ಮಾಸ್‌ಫೆಟ್ಟನ್ನು ಮುಟ್ಟಿದರೆ ರೊಟ್ಟಿ ಹಂಚು. ಮೀಟರ್ ಹಿಡಿದು ನೋಡಿದಾಗ ಪಟ್ಟಿಗೆ ಸಿಗುತ್ತಿದ್ದದ್ದು ಸುಮಾರು 9 ವೋಲ್ಟ್, ಉಳಿದ 3 ವೋಲ್ಟ್ ನಡುವಿನವನೇ ನುಂಗುತ್ತಿದ್ದ.

ಆ ರಾತ್ರಿ ನಾವಿಬ್ಬರೂ ಕೂತು ಅದರ ಡೇಟಾಶೀಟ್ ಓದಿದೆವು. ಲೆಕ್ಕ ಅವಳದು, ಇಂಗ್ಲಿಷ್ ನನ್ನದು. ಅಂಕಿಗಳ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತುಗಳ ಒಂದು ಕಂಬಸಾಲು ಇರುತ್ತದೆ. ಸೊಸೈಟಿಯ ಕಾಗದಪತ್ರ, ವಿಮೆಯ ಪಾಲಿಸಿ ಇವನ್ನೆಲ್ಲ ಓದಿ ಓದಿ ನನಗೆ ಮೊದಲು ಷರತ್ತು ನೋಡುವ ಅಭ್ಯಾಸ. ಗೇಟಿಗೆ 2ರಿಂದ 4 ವೋಲ್ಟ್ ಬಂದರೆ ಬಾಗಿಲು ತೆರೆಯಲು ತೊಡಗುತ್ತದೆ ಎಂದಿತ್ತು. ಮಗಳು ನೆಚ್ಚಿದ್ದು ಆ ಸಾಲನ್ನೇ. ಪಕ್ಕದ ಷರತ್ತು ಓದಿದರೆ, ಆ ಅಳತೆ ಮಾಡಿದ್ದು ಬರೀ 250 ಮೈಕ್ರೋಆಂಪಿಯರ್ ಹರಿಯುವಾಗ. ನಮಗೆ ಬೇಕಾದದ್ದಕ್ಕೆ ಹೋಲಿಸಿದರೆ ಅದು ಬಾಗಿಲ ಸಂದಿಯಲ್ಲಿ ಜಿನುಗುವ ಹನಿ. ಪೂರಾ ತೆರೆದಾಗಿನ ತಡೆ ಒಂದು ಓಮಿನ ಸಾವಿರದಲ್ಲಿ 17.5 ಪಾಲು ಮಾತ್ರ ಎಂದು ಕೆಳಗಿನ ಸಾಲಿನಲ್ಲಿ ಹೇಳಿತ್ತು. ಅದರ ಷರತ್ತು ಗೇಟಿಗೆ 10 ವೋಲ್ಟ್. ನಮ್ಮಲ್ಲಿ ಇದ್ದದ್ದು 3.3. ಬಾಗಿಲು ಅರ್ಧ ತೆರೆದು ನಿಂತಿತ್ತು.

ಇಲ್ಲಿ ಒಂದು ವಿಚಿತ್ರವಿದೆ, ಗಮನವಿಟ್ಟು ಕೇಳಿ. ಬಾಗಿಲು ಪೂರಾ ಮುಚ್ಚಿದ್ದರೆ ವಿದ್ಯುತ್ತು ಹರಿಯುವುದಿಲ್ಲ, ಆದ್ದರಿಂದ ಶಾಖವಿಲ್ಲ. ಪೂರಾ ತೆರೆದಿದ್ದರೆ ತಡೆಯಿಲ್ಲ, ಆದ್ದರಿಂದ ಆಗಲೂ ಶಾಖ ಇಲ್ಲವೆನ್ನುವಷ್ಟು ಕಡಿಮೆ. ಸುಡುವುದು ಅರ್ಧ ತೆರೆದಾಗ. ನಮ್ಮದರ ಮೇಲೆ 3 ವೋಲ್ಟ್, ಅದರ ಮೂಲಕ ಸುಮಾರು ಅರ್ಧ ಆಂಪಿಯರ್, ಒಟ್ಟು ಒಂದೂವರೆ ವ್ಯಾಟ್. ಶಾಖ ಚೆಲ್ಲುವ ಲೋಹದ ತಗಡು ಕಟ್ಟದಿದ್ದರೆ ಈ ಗಾತ್ರದ ಟ್ರಾನ್ಸಿಸ್ಟರ್ ಒಂದು ವ್ಯಾಟಿಗೆ ಸುಮಾರು 62 ಡಿಗ್ರಿ ಬಿಸಿಯಾಗುತ್ತದೆ. ಒಂದೂವರೆ ವ್ಯಾಟಿಗೆ ಕೋಣೆಯ ಶಾಖದ ಮೇಲೆ ತೊಂಬತ್ತು ಡಿಗ್ರಿಗೂ ಮಿಕ್ಕಿ. ವಯಸ್ಸಾದವರ ಮಂಚದ ಪಕ್ಕ ಇಡುವ ವಸ್ತುವಲ್ಲ ಅದು.

ಮರುದಿನ ಇದಕ್ಕಿಂತ ದೊಡ್ಡ ಪರೀಕ್ಷೆ ಎದುರಾಯಿತು. ಅತ್ತೆಯವರು ಬೆತ್ತ ಊರಿಕೊಂಡು ಬಂದು ಮೇಜಿನ ಮುಂದೆ ಕೂತರು. "ಅಲ್ಲವ್ವಾ ತಂಗೀ, ಎರಡ ದಿನದಿಂದ ನೋಡಾಕತ್ತೇನಿ. ಇದರಾಗ ಏನದ, ಹೆಂಗ ಹತ್ತತದ, ನನಗ ತಿಳಿಯೂ ಹಂಗ ಹೇಳು. ತಿಳೀದ ಸಾಮಾನು ನನ್ನ ಮಂಚದ ಬುಡಕ ಬ್ಯಾಡ" ಎಂದರು.

ಮಗಳು ಶುರು ಮಾಡಿದಳು. "ಅಜ್ಜಿ, ಇದು ಸಿಗ್ನಲ್ ಔಟ್‌ಪುಟ್ ಮಾಡತದ, ಮಗ ತೇ ಗೇಟ್ ವೋಲ್ಟೇಜ್..." ಎಂದು ಅರ್ಧ ಇಂಗ್ಲಿಷು, ಕಾಲು ಮರಾಠಿ. ಅಜ್ಜಿ ಕೈ ಎತ್ತಿ ತಡೆದರು. "ಕನ್ನಡದಾಗ ಹೇಳು."

ಮಗಳು ನನ್ನ ಕಡೆ ನೋಡಿದಳು. ಅವಳ ಕನ್ನಡದಲ್ಲಿ ಊಟಕ್ಕೆ ಶಬ್ದಗಳಿವೆ, ಹಬ್ಬಕ್ಕೆ ಇವೆ, ಸಿಟ್ಟಿಗೆ ಬೇಕಾದಷ್ಟಿವೆ. ತಾನು ದಿನಕ್ಕೆ ಹತ್ತು ತಾಸು ಮಾಡುವ ಕೆಲಸಕ್ಕೆ ಇರಲಿಲ್ಲ. ನಿಮ್ಮಲ್ಲಿ ಬಹುತೇಕರ ಸ್ಥಿತಿಯೂ ಇದೇ ಇರಬಹುದು. ಮನೆಯ ಮಾತು ಮನೆಯ ಹೊಸ್ತಿಲಲ್ಲೇ ಚಪ್ಪಲಿಯ ಹತ್ತಿರ ಉಳಿದುಬಿಡುತ್ತದೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: "ಅಜ್ಜಿಗೆ ಕರೆಂಟು ಗೊತ್ತಿಲ್ಲ, ನೀರು ಗೊತ್ತು. ನೀರಿನಿಂದ ಶುರು ಮಾಡು."

ಆ ಮೇಲಿನ ಒಂದು ತಾಸು ನಮ್ಮ ಮನೆಯಲ್ಲಿ ಇನ್ನೊಮ್ಮೆ ಬರಲಿ ಎಂದು ನಾನು ಆಸೆಪಡುವಂಥದ್ದು. "ಅಜ್ಜಿ, ನಿಮ್ಮೂರ ಕೆರೀ ನೀರು ಗದ್ದಿಗೆ ಹೆಂಗ ಬರತದ?" ಎಂದು ಮಗಳು ಕೇಳಿದಳು. ಅಜ್ಜಿ ತೂಬಿನ ಕಥೆ ಹೇಳಿದರು. ಏರಿಯ ಬುಡದಲ್ಲಿ ತೂಬು, ತೂಬಿಗೆ ಬಾಗಿಲು, ಬಾಗಿಲು ಎತ್ತಲು ನೀರಗಂಟಿ. "ಒಬ್ಬನ ಕೈಲೆ ಕೆರೀ ನೀರೆಲ್ಲಾ ಹರೀತದ ನೋಡು. ಅವಾ ನೀರು ಕೊಡೂದಿಲ್ಲ, ನೀರಿಗೆ ದಾರಿ ಕೊಡತಾನ" ಎಂದರು. ಮಗಳು ಮೇಜು ಗುದ್ದಿ "ಅದಽ ಅಜ್ಜಿ!" ಎಂದಳು. ನಾಲ್ಕು ವರ್ಷದ ಕೋರ್ಸಿನ ಒಂದು ಪಾಠ ಅಜ್ಜಿಯ ಒಂದು ವಾಕ್ಯದಲ್ಲಿತ್ತು. ಕಂಪ್ಯೂಟರಿನ 3.3 ವೋಲ್ಟ್ ದೀಪಕ್ಕೆ ಶಕ್ತಿ ಕೊಡುವುದಿಲ್ಲ. ಶಕ್ತಿಯೆಲ್ಲ 12 ವೋಲ್ಟಿನ ಕೆರೆಯದು. ಇದು ಬಾಗಿಲನ್ನು ಎತ್ತುತ್ತದೆ, ಅಷ್ಟೇ.

ಬಾಗಿಲು ಪೂರಾ ಏಳುತ್ತಿಲ್ಲ, ಅದಕ್ಕೇ ಬಿಸಿ ಎಂದು ಮಗಳು ಹೇಳಿದಾಗ ಅಜ್ಜಿ ಕ್ಷಣವೂ ತಡೆಯಲಿಲ್ಲ. "ದೇವರು ವರಾ ಕೊಟ್ಟರೂ ಪೂಜಾರಿ ಕೊಡಲಿಲ್ಲಂತ, ಹಂಗಾತು" ಎಂದರು. "ಸಣ್ಣ ಹುಡುಗನ ಕೈಲೆ ದೊಡ್ಡ ಬಾಗಿಲಾ ಏಳಲಿಲ್ಲಂದರ, ಹುಡುಗ ಹೋಗಿ ನೀರಗಂಟೀನ ಕರೀಬೇಕು."

ನಿಜವಾಗಿ ಪರಿಹಾರವೂ ಅದೇ ಆಗಿತ್ತು. ಇನ್ನೂ ಒಬ್ಬ ನಡುವಿನವನು. ಬಿಸಿ-547 ಎಂಬ, ಕಡಲೆಕಾಳಿನಷ್ಟಿರುವ ಹಳೇ ಜಾತಿಯ ಟ್ರಾನ್ಸಿಸ್ಟರ್. ಅದಕ್ಕೆ 3.3 ವೋಲ್ಟ್ ಸಾಕು, ಒಂದು ಮಿಲಿಆಂಪಿಯರಿನ ಆಸುಪಾಸು ಸಾಕು. ಮಧ್ಯೆ 2200 ಓಮಿನ ಒಂದು ರೆಸಿಸ್ಟರ್ ಇಟ್ಟರೆ ಆಯಿತು. ದೊಡ್ಡ ಮಾಸ್‌ಫೆಟ್ಟಿನ ಗೇಟನ್ನು ಸಾವಿರ ಓಮಿನ ಇನ್ನೊಂದು ರೆಸಿಸ್ಟರಿನ ಮೂಲಕ ನೇರ 12 ವೋಲ್ಟಿಗೆ ಕಟ್ಟುವುದು. ಸುಮ್ಮನೆ ಬಿಟ್ಟರೆ ಗೇಟಿಗೆ ಪೂರ್ತಿ 12 ವೋಲ್ಟ್, ಬಾಗಿಲು ಪೂರಾ ತೆರೆದೇ ಇರುತ್ತದೆ. ದೀಪ ಆರಿಸಬೇಕಾದಾಗ ಕಂಪ್ಯೂಟರ್ ಸಣ್ಣವನಿಗೆ ಹೇಳುತ್ತದೆ, ಸಣ್ಣವನು ಗೇಟನ್ನು ನೆಲಕ್ಕೆ ಎಳೆದು ಹಿಡಿಯುತ್ತಾನೆ, ಬಾಗಿಲು ಮುಚ್ಚುತ್ತದೆ. ಈಗ 2 ಆಂಪಿಯರ್ ಹರಿದರೂ ಮಾಸ್‌ಫೆಟ್ಟಿನಲ್ಲಿ ಹುಟ್ಟುವ ಶಾಖ ಒಂದು ವ್ಯಾಟಿನ ನೂರರಲ್ಲಿ ಏಳು ಪಾಲು. ಮುಟ್ಟಿದರೆ ತಣ್ಣಗೇ ಇರುತ್ತದೆ.

ಇಲ್ಲಿ ಎಚ್ಚರಿಕೆ ಬೇಕು. ಗೇಟ್ ಮತ್ತು ಒಳಗಿನ ಹಾದಿಯ ನಡುವೆ ಇರುವುದು ಗಾಜಿನಂಥ ಅತಿ ತೆಳುವಾದ ಪದರ. ಈ ಮಾಸ್‌ಫೆಟ್ಟಿನ ಗೇಟಿಗೆ 20 ವೋಲ್ಟ್ ಮೀರಬಾರದು. ಆದ್ದರಿಂದ 12ಕ್ಕೆ ನಡೆಯುವ ಈ ಏರ್ಪಾಡು 24 ವೋಲ್ಟಿನ ಪಟ್ಟಿಗೆ ಹಾಗೆಯೇ ನಡೆಯದು. ಕಡಿಮೆ ವೋಲ್ಟಿಗೇ ಪೂರಾ ತೆರೆಯುವ ಮಾಸ್‌ಫೆಟ್ಟುಗಳೂ ಸಿಗುತ್ತವೆ. ಆದರೆ ಅವುಗಳಲ್ಲಿ ಹಲವು 5 ವೋಲ್ಟಿಗೆ ಮಾತು ಕೊಡುತ್ತವೆ, 3.3ಕ್ಕೆ ಕೊಡುವುದಿಲ್ಲ. ಷರತ್ತಿನ ಸಾಲು ಓದದೆ ಕೊಳ್ಳಬೇಡಿ. ದೀಪದ ಬದಲು ಮೋಟಾರು, ಪಂಪು, ರಿಲೇ ನಡೆಸುವಿರಾದರೆ ಅದರ ಎರಡು ತುದಿಗೆ ಹಿಮ್ಮುಖವಾಗಿ ಒಂದು ಡಯೋಡ್ ಕಟ್ಟಲೇಬೇಕು. ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ತಟ್ಟನೆ ತಡೆದರೆ ಅದು ವೋಲ್ಟನ್ನು ಎಬ್ಬಿಸಿ ಟ್ರಾನ್ಸಿಸ್ಟರನ್ನು ಒಡೆಯುತ್ತದೆ. ಗೋಡೆಯ 230 ವೋಲ್ಟಿನ ತಂಟೆಗೆ ಮಾತ್ರ ಈ ರೀತಿಯಲ್ಲಿ ಹೋಗಲೇಬೇಡಿ.

ಈ ಏರ್ಪಾಡಿನಲ್ಲಿ ಮಾತು ತಲೆಕೆಳಗಾಗುತ್ತದೆ. ಕಂಪ್ಯೂಟರ್ 'ಹೌದು' ಎಂದರೆ ದೀಪ ಆರುತ್ತದೆ, ಸುಮ್ಮನಿದ್ದರೆ ಹತ್ತುತ್ತದೆ. ಪುಸ್ತಕದಲ್ಲಿ ಇದನ್ನೊಂದು ತೊಡಕೆಂದು ಬರೆದು ಸರಿಪಡಿಸುವ ಬಗೆಯನ್ನೂ ಹೇಳಿದ್ದಾರೆ, ಸರಿಪಡಿಸಲೋ ಎಂದು ಮಗಳು ಕೇಳಿದಳು. ಅಷ್ಟರಲ್ಲಿ ಅಜ್ಜಿ ಒಂದು ಪ್ರಶ್ನೆ ಹಾಕಿದರು. "ನಿನ್ನ ಸಣ್ಣ ಯಂತ್ರಾ ಒಂದ ದಿನ ಸತ್ತ ಹೋದರ?"

ಮಗಳು ಸುಮ್ಮನಾದಳು. ಆಮೇಲೆ ಕಂಪ್ಯೂಟರಿನ ಚಾರ್ಜರನ್ನು ಕಿತ್ತು ತೋರಿಸಿದಳು. ದೀಪ ಪೂರ್ತಿ ಬೆಳಕಿನಿಂದ ಹತ್ತಿ ನಿಂತಿತು. ಹೇಳುವವನು ಸತ್ತರೆ ಸಣ್ಣವನು ಕೈ ಬಿಡುತ್ತಾನೆ, ಬಾಗಿಲು ತೆರೆದುಕೊಳ್ಳುತ್ತದೆ. ಯಂತ್ರ ಕೆಟ್ಟರೆ ಅಜ್ಜಿಗೆ ಸಿಗುವುದು ಕತ್ತಲಲ್ಲ, ಬೆಳಕು. "ಹಂಗಽ ಇರಲಿ, ಸರಿ ಮಾಡಬ್ಯಾಡ" ಎಂದರು ಅಜ್ಜಿ. ಕೆಟ್ಟಾಗ ಯಾವ ಕಡೆಗೆ ಬೀಳಬೇಕು ಎಂದು ಮೊದಲೇ ಯೋಚಿಸುವುದು ದೊಡ್ಡ ದೊಡ್ಡ ಯಂತ್ರ ಕಟ್ಟುವವರ ಶಿಸ್ತು ಎಂದು ಮಗಳು ಆಮೇಲೆ ನನಗೆ ಹೇಳಿದಳು. ಒಮ್ಮೆ ಬಿದ್ದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಊರಿಗೇ ಕರೆಂಟು ಹೋದರೆ ಇದೂ ಇಲ್ಲ. ಅದಕ್ಕೆ ತಲೆದಿಂಬಿನ ಪಕ್ಕ ಒಂದು ಬ್ಯಾಟರಿ ಇಟ್ಟಿದ್ದೇವೆ.

ಮೆಲ್ಲಗೆ ಹತ್ತುವುದು ಹೇಗೆ, ಬಾಗಿಲನ್ನು ಅರ್ಧ ತೆರೆಯಬಾರದಲ್ಲ ಎಂದು ನನಗೊಂದು ಸಂಶಯವಿತ್ತು. ಅದಕ್ಕೂ ಉತ್ತರ ಸೊಗಸಾಗಿದೆ. ಕಂಪ್ಯೂಟರ್ ಬಾಗಿಲನ್ನು ಸೆಕೆಂಡಿಗೆ ನೂರಾರು ಸಲ ಪೂರಾ ತೆರೆದು ಪೂರಾ ಮುಚ್ಚುತ್ತದೆ. ತೆರೆದಿರುವ ಹೊತ್ತನ್ನು ತುಸು ತುಸುವೇ ಹೆಚ್ಚಿಸುತ್ತ ಹೋದರೆ ಬೆಳಕು ಏರುತ್ತ ಹೋದಂತೆ ನಮಗೆ ತೋರುತ್ತದೆ. ತಿರುಗುವ ಫ್ಯಾನಿನ ರೆಕ್ಕೆಗಳು ಬೇರೆ ಬೇರೆಯಾಗಿ ಕಾಣದಿರುವ ಹಾಗೆ.

ಈ ನಡುವಿನವನ ಚರಿತ್ರೆಯನ್ನೂ ಒಂದಿಷ್ಟು ಓದಿದೆ. ಮೊದಲ ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ, ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟನ್ ಅವರ ಕೈಯಲ್ಲಿ. ಮರುವರ್ಷ ಅದಕ್ಕೆ ಆ ಹೆಸರು ಸೂಚಿಸಿದವರು ಅವರ ಸಹೋದ್ಯೋಗಿ ಜಾನ್ ಪಿಯರ್ಸ್. ವಿಲಿಯಂ ಶಾಕ್ಲಿಯವರೊಂದಿಗೆ ಬಾರ್ಡೀನ್ ಮತ್ತು ಬ್ರಾಟನ್ ಅವರಿಗೆ 1956ರಲ್ಲಿ ನೊಬೆಲ್ ಬಂತು. ನಮ್ಮ ಅಜ್ಜಿಯ ದೀಪದಲ್ಲಿರುವ ಮಾಸ್‌ಫೆಟ್ ಬಂದದ್ದು ಅದೇ ಪ್ರಯೋಗಾಲಯದಲ್ಲಿ, 1959-60ರ ಸುಮಾರಿಗೆ. ಅದನ್ನು ಮಾಡಿದವರು ಮೊಹಮ್ಮದ್ ಅಟಾಲ ಮತ್ತು ಡಾವನ್ ಕಾಂಗ್. ಒಬ್ಬರು ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ ಹುಟ್ಟಿದವರು, ಇನ್ನೊಬ್ಬರು ಕೊರಿಯದ ಸಿಯೋಲಿನಲ್ಲಿ. ಇಬ್ಬರೂ ಹುಟ್ಟಿದ ನೆಲ ಬಿಟ್ಟು ಬಂದವರು, ಇಂಗ್ಲಿಷಿನಲ್ಲಿ ಕೆಲಸ ಮಾಡಿದವರು. ಇಂದು ನಿಮ್ಮ ಕಿಸೆಯಲ್ಲಿರುವ ಫೋನಿನಲ್ಲಿ ಈ ಜಾತಿಯ ಟ್ರಾನ್ಸಿಸ್ಟರುಗಳು ನೂರಾರು ಕೋಟಿ ಲೆಕ್ಕದಲ್ಲಿವೆ. ಹೊರನಾಡಿನ ಮಕ್ಕಳಾದ ನಿಮಗೆ ಈ ಇಬ್ಬರ ಹೆಸರು ನೆನಪಿರಲಿ.

ದೀಪ ಹತ್ತತೊಡಗಿ ಒಂದು ವರ್ಷದ ಮೇಲಾಯಿತು. ಅತ್ತೆಯವರು ಸಂಜೆ ಮತ್ತೆ ನೀರು ಕುಡಿಯುತ್ತಾರೆ. ಮನೆಗೆ ಬಂದವರಿಗೆಲ್ಲ ಗೋಡೆಯ ಬುಡ ತೋರಿಸಿ, ಸಣ್ಣ ನೀರಗಂಟಿ ಯಾರು, ದೊಡ್ಡ ಬಾಗಿಲು ಯಾವುದು ಎಂದು ತಾವೇ ವಿವರಿಸುತ್ತಾರೆ. ಮೊಮ್ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಮೊದಲೆಲ್ಲ "ಏನೋ ಎಂಜಿನಿಯರಿಂಗ ಅಂತ" ಎನ್ನುತ್ತಿದ್ದರು. ಈಗ "ಕರೆಂಟಿಗೆ ತೂಬು ಕಟ್ಟೂದು ಕಲೀತಾಳ" ಎನ್ನುತ್ತಾರೆ. ಮಗಳ ಕನ್ನಡದಲ್ಲಿ ತೂಬು, ಏರಿ, ನೀರಗಂಟಿ ಎಂಬ ಶಬ್ದಗಳು ಸೇರಿಕೊಂಡಿವೆ. ಆ ಕೆರೆಯನ್ನು ಒಮ್ಮೆ ನೋಡಬೇಕೆಂದು ಈಗ ಅವಳಿಗೆ ಆಸೆ.

ಮಕ್ಕಳೇ, ಕನ್ನಡ ಉಳಿಸಿ ಎಂದು ನಿಮಗೆ ವೇದಿಕೆಯಿಂದ ಬೇಕಾದಷ್ಟು ಜನ ಹೇಳಿದ್ದಾರೆ. ನಾನು ಅದನ್ನು ಹೇಳಲಾರೆ. ನಿಮ್ಮ ಕೆಲಸ ಇಂಗ್ಲಿಷಿನದು, ನಿಮ್ಮ ಬೀದಿ ಮರಾಠಿಯದೋ ಹಿಂದಿಯದೋ ತೆಲುಗಿನದೋ ಇರಬಹುದು, ಅದು ಹಾಗೆಯೇ ಇರಲಿ. ನಾನು ಕೇಳುವುದು ಒಂದು ಸಣ್ಣ ಕೆಲಸ. ನೀವು ಹೊರಗೆ ಏನು ಮಾಡುತ್ತೀರೋ ಅದನ್ನು ಮನೆಯ ಹಿರಿಯರೊಬ್ಬರಿಗೆ ಕನ್ನಡದಲ್ಲಿ ಒಂದು ಸಲ ಹೇಳಿ ನೋಡಿ. ಶಬ್ದ ಸಿಗದಿದ್ದರೆ ಗೇಟನ್ನು ಗೇಟೆಂದೇ ಕರೆಯಿರಿ, ಯಾರೂ ದಂಡ ಹಾಕುವುದಿಲ್ಲ. ಅವರು ಅಡ್ಡ ಪ್ರಶ್ನೆ ಕೇಳುತ್ತಾರೆ, ಕೇಳಲಿ. ನಿಮ್ಮ ಪರೀಕ್ಷೆಯಲ್ಲಿ ಯಾರೂ ಕೇಳದ ಪ್ರಶ್ನೆ ಅದರಲ್ಲಿ ಒಂದು ಇರುತ್ತದೆ.

ನಿಮ್ಮ ವೋಲ್ಟು ಬೇರೆ, ಅವರ ವೋಲ್ಟು ಬೇರೆ. ಅದರಿಂದ ತೊಂದರೆಯಿಲ್ಲ, ನಡುವೆ ನಾವಿದ್ದೇವೆ. ನೆಲದ ತಂತಿಯೊಂದನ್ನು ಮಾತ್ರ ಬಿಡಬೇಡಿ.